ಅಂಗೈಯೊಳಗಣ ಬೀಗದಕೈ

ಅಂಗೈ ಹುಣ್ಣಿಗೆ ಕನ್ನಡಿ ಏಕೆ ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ಕಣ್ಣೆದುರಿಗಿರುವ ಸಂಗತಿಗೆ ಪರರ ಸಾಕ್ಷ್ಯ ಬೇಡವೆಂಬುದು ಅದರ ತಾತ್ಪರ್ಯ. ಆದರೆ ಅಂಗೈಯ ಚರ್ಮದಡಿಯಲ್ಲಿಯೇ ಹುದುಗಿಸಿಡುವ ಒಂದು ಪದಾರ್ಥದ ವಿಷಯದಲ್ಲಿ ಈ ಗಾದೆ ತಲೆಕೆಳಗಾಗುತ್ತದೆ. ಅದು ನಮ್ಮ ಕೈಯೊಳಗೇ ಇದ್ದರೂ ಅದರಲ್ಲಿ ಏನಿದೆಯೆಂದು ಹೇಳಲು ಪರರ ಗೋಡೆಯ ಮೇಲಿನ ಯಂತ್ರವೇ ಬೇಕು. ಆ ಯಂತ್ರ ಒಪ್ಪಿದರೆ ಬಾಗಿಲು ತೆರೆದೀತು. ಒಪ್ಪದಿದ್ದರೆ ಕೈಯ ಒಡೆಯನು ಬಾಗಿಲ ಹೊರಗೇ ನಿಲ್ಲತಕ್ಕದ್ದು. ದೇಹದಲ್ಲಿ ಅಳವಡಿಸುವ ಚಿಪ್ ಎಂಬುದೇ ಆ ಪದಾರ್ಥ. ಕಚೇರಿ, ಕಾರ್ಖಾನೆ, ವಿದ್ಯಾರ್ಥಿನಿಲಯ, ಮೆಟ್ರೋ ರೈಲು, ಬ್ಯಾಂಕು ಮುಂತಾದ ಕಡೆಗಳಲ್ಲಿ ತೋರಿಸಬೇಕಾದ ಕಾರ್ಡುಗಳನ್ನೆಲ್ಲ ಇಂಥದೊಂದು ಚಿಪ್‌ನೊಳಕ್ಕೆ ನಕಲು ಮಾಡಿಕೊಂಡು ಬರಿಗೈಯಲ್ಲಿ ತಿರುಗಾಡಬಹುದಲ್ಲವೇ ಎಂದು ಇಂದಿನ ತರುಣರು ಕೇಳುವುದುಂಟು. ಇದನ್ನು ಹುಚ್ಚು ಮಾತೆಂದು ನಕ್ಕು ತಳ್ಳಿಹಾಕುವುದು ತರವಲ್ಲ. ಕೈಯನ್ನು ಕುಯ್ಯಿಸಿಕೊಂಡ ಮೇಲೆ ಪಶ್ಚಾತ್ತಾಪ ಪಡುವುದಕ್ಕಿಂತ, ಕುಯ್ಯುವ ಮುನ್ನ ವಿಚಾರ ಮಾಡುವುದು ಲೇಸಾದುದರಿಂದ, ಈ ವಿಷಯವನ್ನು ನಮ್ಮ ವಾಚಕರ ಮುಂದೆ ವಿಶದವಾಗಿ ಇಡಬಯಸುತ್ತೇವೆ.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯ ಉಡಿಗಾಲದಂತಹ ಗ್ರಾಮಕ್ಕೆ ಈ ಚರ್ಚೆ ಏತಕ್ಕೆಂದು ಕೆಲವರು ಕೇಳಿಯಾರು. ಅಂಥವರು ಒಮ್ಮೆ ಸುತ್ತಲೂ ಕಣ್ಣು ಹಾಯಿಸಬೇಕು. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿನ ಕಿವಿಯಲ್ಲಿ 12 ಅಂಕೆಗಳ ಹಳದಿ ಕಿವಿಯೋಲೆ ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗಾಗಿ ಹೆಬ್ಬೆಟ್ಟನ್ನು ಯಂತ್ರಕ್ಕೆ ಒತ್ತಬೇಕು. ಅರಿಸಿನ, ಬಾಳೆ, ಸಣ್ಣ ಈರುಳ್ಳಿಗಳನ್ನು ಹೇರಿಕೊಂಡು ಹೊರಡುವ ಲಾರಿಯ ಮುಂಗಾಜಿಗೆ ಫಾಸ್ಟ್ಯಾಗ್ ಚೀಟಿ ಅಂಟಿದೆ. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿಳಿದ ಮಗನ ಕೊರಳಲ್ಲಿ ಕಾರ್ಖಾನೆಯ ಕಾರ್ಡು ತೂಗುತ್ತದೆ. ಇನ್ನು ಬಂಡೀಪುರದ ಕಾಡಿನತ್ತ ನಡೆದರೆ, ಸಾಕಾನೆಗಳ ಚರ್ಮದಡಿಯಲ್ಲಿ ಅಕ್ಕಿಕಾಳನ್ನು ಹೋಲುವ ಚಿಪ್ ಇರಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹು ದಿನಗಳಿಂದಲೂ ಉಂಟು. ಹಸು, ಹೆಬ್ಬೆಟ್ಟು, ಲಾರಿ, ಮಗ, ಆನೆ — ಈ ಐದಕ್ಕೂ ಒಂದೊಂದು ಗುರುತು ಬಿದ್ದಿದೆ. ಪಟ್ಟಣದ ಕೌತುಕವೆಂದು ಯಾವುದನ್ನು ಭಾವಿಸುತ್ತೇವೋ ಅದು ಹಳ್ಳಿಯ ಹಿತ್ತಲಿಗೆ ಆಗಲೇ ಬಂದು ಕುಳಿತಿದೆ.

ಗುರುತು ಬೇರೆ, ಬೀಗದಕೈ ಬೇರೆ

ಇವುಗಳಲ್ಲಿ ಮೊದಲು ತಿಳಿಯಬೇಕಾದ ಭೇದವೊಂದುಂಟು. ಹಸುವಿನ ಓಲೆಯಾಗಲಿ ಆನೆಯ ಚಿಪ್ ಆಗಲಿ ಕೇವಲ ಗುರುತು. ಅದರಲ್ಲಿ ಗುಟ್ಟೇನೂ ಇಲ್ಲ. ಯಾವ ಪಶುವೈದ್ಯನು ಓದಿದರೂ ಅದು ಓದಿಸಿಕೊಳ್ಳಬೇಕು, ಎಲ್ಲರಿಗೂ ಒಂದೇ ಉತ್ತರವನ್ನು ಕೊಡಬೇಕು. ಪ್ರಾಣಿಗಳ ಚಿಪ್‌ನಲ್ಲಿರುವುದು 15 ಅಂಕೆಗಳ ಒಂದು ಸಂಖ್ಯೆ ಮಾತ್ರ. ಅಂತರರಾಷ್ಟ್ರೀಯ ನಿಯಮದಂತೆ ಮೊದಲ ಮೂರು ಅಂಕೆಗಳು ದೇಶವನ್ನು ಸೂಚಿಸಬಹುದು. ಭಾರತಕ್ಕೆ 356 ಎಂಬುದು ಸಲ್ಲುತ್ತದೆ. ಆನೆ ಯಾರದು, ಯಾವ ಶಿಬಿರದ್ದು ಎಂಬ ವೃತ್ತಾಂತವೆಲ್ಲ ಇಲಾಖೆಯ ಪುಸ್ತಕದಲ್ಲಿದೆಯೇ ಹೊರತು ಆನೆಯ ಮೈಯಲ್ಲಿಲ್ಲ. ಕಾರ್ಖಾನೆಯ ಕಾರ್ಡಿನ ಕೆಲಸ ಹೀಗಲ್ಲ. ಅದು ಬೀಗದಕೈ. ಬೀಗದಕೈಯ ಮೊದಲನೆಯ ಧರ್ಮವೇ ಒಡೆಯನ ಹೊರತು ಮತ್ತೊಬ್ಬನ ಕೈಯಲ್ಲಿ ಅದು ಇರಕೂಡದೆಂಬುದು. ಗುರುತಿಗೆ ಬಹಿರಂಗವೇ ಭೂಷಣ. ಬೀಗದಕೈಗೆ ಗುಟ್ಟೇ ಭೂಷಣ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಕಾರ್ಡನ್ನು ಚಿಪ್‌ಗೆ ಇಳಿಸುವ ಉತ್ಸಾಹದಲ್ಲಿ ಬಹುಪಾಲು ನಿರಾಶೆ ಹುಟ್ಟುತ್ತದೆ.

ಕಾರ್ಡಿನ ಒಳಗೆ ಏನುಂಟು? ಬ್ಯಾಟರಿ ಇಲ್ಲ. ಅಂಚಿನ ಸುತ್ತ ಸುತ್ತಿದ ಸಣ್ಣ ತಂತಿಸುರುಳಿ, ಅದಕ್ಕೆ ಬೆಸೆದ ಎಳ್ಳಿನಷ್ಟು ಗಾತ್ರದ ಚಿಪ್ — ಇಷ್ಟೇ. ಬಾಗಿಲ ಬಳಿಯ ಯಂತ್ರವು ತನ್ನ ಸುತ್ತ ಕಾಂತಕ್ಷೇತ್ರವನ್ನು ಸದಾ ಏಳಿಸುತ್ತಿರುತ್ತದೆ. ಕಾರ್ಡು ಹತ್ತಿರಕ್ಕೆ ಬಂದಾಗ ಅದರ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಆ ಶಕ್ತಿಯಿಂದಲೇ ಚಿಪ್ ಎಚ್ಚರಗೊಂಡು ತನ್ನ ಮಾತನ್ನು ಹೇಳುತ್ತದೆ. ದೇಹದೊಳಗಿನ ಚಿಪ್ ಕೂಡ ಇದೇ ತತ್ತ್ವದಿಂದ ನಡೆಯುತ್ತದೆ. ತತ್ತ್ವ ಒಂದೇ ಆದ ಮೇಲೆ ನಕಲಿಗೆ ಅಡ್ಡಿಯೇನೆಂದು ಕೇಳುವುದು ಸಹಜ. ಅಡ್ಡಿ ಒಂದಲ್ಲ, ನಾಲ್ಕು ಇವೆ.

ಮೊದಲನೆಯದು, ಅಲೆಗಳ ಜಾತಿ

ಬೆಂಗಳೂರು ಆಕಾಶವಾಣಿಯನ್ನು ಕೇಳಬೇಕಾದರೆ ರೇಡಿಯೋದ ಮುಳ್ಳನ್ನು 612 ಕಿಲೋಹರ್ಟ್ಸ್‌ಗೆ ತಿರುಗಿಸಬೇಕು. ಬೇರೆಡೆ ತಿರುಗಿಸಿಟ್ಟು ಎಷ್ಟು ಹೊತ್ತು ಕಾದರೂ ವಾರ್ತೆ ಕೇಳಿಸದು. ಕಾರ್ಡುಗಳ ವಿಷಯವೂ ಹಾಗೆಯೇ. ಹಳೆಯ ಕಾಲದ ಬಾಗಿಲ ಕಾರ್ಡುಗಳು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಕಂಪನದಲ್ಲಿ ಮಾತನಾಡುತ್ತವೆ. ಈಚಿನ ಕಾರ್ಡುಗಳು, ಬ್ಯಾಂಕಿನ ಟ್ಯಾಪ್ ಕಾರ್ಡು, ಮೆಟ್ರೋ ಕಾರ್ಡು, ಮೊಬೈಲ್ ಫೋನು — ಇವೆಲ್ಲ 13.56 ಮೆಗಾಹರ್ಟ್ಸ್‌ನಲ್ಲಿ ಮಾತನಾಡುತ್ತವೆ. ಎರಡಕ್ಕೂ ನೂರೆಂಟು ಪಟ್ಟು ಅಂತರ. ಒಂದರ ಚಿಪ್ ಇನ್ನೊಂದರ ಯಂತ್ರಕ್ಕೆ ಮೂಕ. ಪ್ರಾಣಿಗಳ ಚಿಪ್ 134.2 ಕಿಲೋಹರ್ಟ್ಸ್‌ನದು, ಅದನ್ನು ಮೊಬೈಲಿಗೆ ಎಷ್ಟು ಒತ್ತಿ ಹಿಡಿದರೂ ಫೋನಿಗೆ ಕೇಳಿಸದು. ಇನ್ನು ಫಾಸ್ಟ್ಯಾಗಿನ ಮಾತೇ ಬೇರೆ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ ಕಡ್ಡಾಯವಾದ ಆ ಚೀಟಿ 865ರಿಂದ 867 ಮೆಗಾಹರ್ಟ್ಸ್‌ನ ಅಲೆಗಳನ್ನು ಬಳಸಿ ಹಲವು ಮೀಟರು ದೂರದಿಂದ ಓದಿಸಿಕೊಳ್ಳುತ್ತದೆ. ಅಂಥ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ನಮ್ಮ ಮೈಯಾದರೋ ಬಹುಪಾಲು ನೀರೇ. ಆದಕಾರಣ ಗಾಜಿನ ಮೇಲೆ ಸೊಗಸಾಗಿ ನಡೆಯುವ ಚೀಟಿ ಚರ್ಮದಡಿಯಲ್ಲಿ ನಡೆಯಲಾರದು. ಕಿಲೋಹರ್ಟ್ಸ್, ಮೆಗಾಹರ್ಟ್ಸ್‌ಗಳ ಎರಡು ಚಿಪ್‌ಗಳನ್ನು ಒಂದೇ ಗಾಜಿನ ಗುಳಿಗೆಯಲ್ಲಿ ಕೂಡಿಸಿದ್ದುಂಟು. ಆದರೆ ಅದು ಎರಡು ಬಾಯಿಗಳನ್ನು ಕೊಟ್ಟಂತಾಯಿತೇ ಹೊರತು, ಆ ಬಾಯಿಗಳಿಗೆ ಎಲ್ಲ ಗುಟ್ಟುಗಳನ್ನೂ ಕಲಿಸಿದಂತಾಗಲಿಲ್ಲ.

ಎರಡನೆಯದು, ಗುಟ್ಟಿನ ಬಲ

ಇದನ್ನು ಒಂದು ದೃಷ್ಟಾಂತದಿಂದ ವಿವರಿಸುತ್ತೇವೆ. ಕೋಟೆಯ ಬಾಗಿಲಲ್ಲಿ ಮೂರು ವಿಧದ ಕಾವಲುಗಾರರಿದ್ದಾರೆಂದು ಭಾವಿಸೋಣ. ಒಬ್ಬನು ಬಂದವನ ಹೆಸರನ್ನಷ್ಟೇ ಕೇಳುತ್ತಾನೆ. ಪಟ್ಟಿಯಲ್ಲಿ ಹೆಸರಿದ್ದರೆ ಒಳಕ್ಕೆ ಬಿಡುತ್ತಾನೆ. ಎರಡನೆಯವನು ಹೆಸರಿನ ಜೊತೆಗೆ ಒಂದು ಗುಟ್ಟಿನ ಮಾತನ್ನೂ ಕೇಳುತ್ತಾನೆ; ಆದರೆ ಆ ಗುಟ್ಟಿನ ಕ್ರಮವು ಊರ ಸಂತೆಯಲ್ಲಿ ಬಯಲಾಗಿಹೋಗಿದೆ. ಮೂರನೆಯವನು ಪ್ರತಿ ಸಲವೂ ಹೊಸದೊಂದು ಲೆಕ್ಕವನ್ನು ಕೊಟ್ಟು, ಬಂದವನು ಮನಸ್ಸಿನಲ್ಲಿಯೇ ಇಟ್ಟುಕೊಂಡಿರುವ, ಎಂದೂ ಬಾಯಿಬಿಟ್ಟು ಹೇಳದ ಸೂತ್ರದಿಂದ ಅದನ್ನು ಬಿಡಿಸಿ ತೋರಿಸೆನ್ನುತ್ತಾನೆ. ಕಾರ್ಡುಗಳಲ್ಲಿಯೂ ಇದೇ ಮೂರು ಜಾತಿ.

125 ಕಿಲೋಹರ್ಟ್ಸ್‌ನ ಸಾದಾ ಕಾರ್ಡು, ಉದಾಹರಣೆಗೆ ಇಎಂ4100 ಎಂಬುದು, ಮೊದಲನೆಯ ಜಾತಿಗೆ ಸೇರಿದ್ದು. 64 ಬಿಟ್‌ಗಳ ಒಂದು ಸಾಲು, ಅದರಲ್ಲಿ 40 ಬಿಟ್‌ಗಳ ಸಂಖ್ಯೆ — ಇದಿಷ್ಟನ್ನು ಕೇಳಿದವರಿಗೆಲ್ಲ ಕೂಗಿ ಹೇಳುವುದೊಂದೇ ಅದರ ಕೆಲಸ. ಟಿ5577 ಎಂಬ ತಿದ್ದಿ ಬರೆಯಬಲ್ಲ ಚಿಪ್‌ಗೆ ಈ ಸಂಖ್ಯೆಯನ್ನು ನಿಮಿಷಾರ್ಧದಲ್ಲಿ ಇಳಿಸಬಹುದು. ದೇಹದಲ್ಲಿ ಅಳವಡಿಸುವ ಗುಳಿಗೆಗಳಲ್ಲಿಯೂ ಈ ಚಿಪ್ ದೊರೆಯುತ್ತದೆ. ಇಲ್ಲಿ ನಕಲು ಸುಲಭವೇ ಸರಿ. ಆದರೆ ನಮಗೆ ಸುಲಭವಾದುದು ಕಳ್ಳನಿಗೆ ಕಷ್ಟವಾದೀತೇ? ಬಸ್ಸಿನ ಜಂಗುಳಿಯಲ್ಲಿ ಯಂತ್ರವನ್ನು ಹತ್ತಿರ ಹಿಡಿದವನಿಗೂ ಅದು ಅಷ್ಟೇ ಸುಲಭ.

ಎರಡನೆಯ ಜಾತಿಗೆ ಪ್ರಸಿದ್ಧ ಉದಾಹರಣೆ ಮಿಕ್ರಾನ್ ಸಂಸ್ಥೆಯು 1994ರಲ್ಲಿ ಹೊರತಂದ ಮೈಫೇರ್ ಕ್ಲಾಸಿಕ್. ಲೋಕದ ಅನೇಕ ಕಚೇರಿಗಳೂ ಸಾರಿಗೆ ಸಂಸ್ಥೆಗಳೂ ಇದನ್ನು ನೆಚ್ಚಿಕೊಂಡವು. ಇದರ ಸಾಮಾನ್ಯ ಮಾದರಿಯಲ್ಲಿ 16 ಅರೆಗಳು; ಪ್ರತಿ ಅರೆಗೂ 48 ಬಿಟ್‌ಗಳ ಎರಡೆರಡು ಕೀಲಿಗಳು. ಕೀಲಿಯ ವಿಧಾನವನ್ನು ತಯಾರಕರು ಗುಪ್ತವಾಗಿ ಇಟ್ಟಿದ್ದರು. ಆ ಗುಪ್ತತೆಯೇ ರಕ್ಷೆಯೆಂದು ನಂಬಿದ್ದರು. 2007ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಕಾರ್ಸ್ಟೆನ್ ನೋಲ್ ಮತ್ತು ಹೆನ್ರಿಕ್ ಪ್ಲೋಟ್ಸ್ ಎಂಬವರು ಚಿಪ್‌ನ ಪದರಗಳನ್ನೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಕಂಡುಕೊಂಡುದನ್ನು ಸಾರಿದರು. 2008ರಲ್ಲಿ ನೆದರ್ಲೆಂಡ್ಸಿನ ನೈಮೇಗೆನ್ ನಗರದ ರಾಡ್‌ಬೌಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಅದರ ದೌರ್ಬಲ್ಯವನ್ನು ಪೂರ್ಣವಾಗಿ ಬಯಲಿಗೆಳೆದರು. ಆ ಪ್ರಬಂಧ ಪ್ರಕಟವಾಗಕೂಡದೆಂದು ತಯಾರಕರು ನ್ಯಾಯಾಲಯಕ್ಕೆ ಹೋದರು, ನ್ಯಾಯಾಲಯ ಒಪ್ಪಲಿಲ್ಲ. ದೋಷವನ್ನು ಹೇಳಿದವನಲ್ಲಿ ತಪ್ಪಿಲ್ಲ, ದೋಷವನ್ನಿಟ್ಟುಕೊಂಡು ಮಾರಿದವರಲ್ಲಿ ಹೊಣೆಯಿದೆ ಎಂಬ ನೀತಿ ಅಲ್ಲಿ ಎತ್ತಿಹಿಡಿಯಲ್ಪಟ್ಟಿತು.

ಇಂಥ ಕಾರ್ಡಿನ ನಕಲೂ ಸಾಧ್ಯವೇ, ಆದರೆ ತೊಡಕುಗಳುಂಟು. ಕಾರ್ಡಿನ ಮೊದಲ ಸಾಲಿನಲ್ಲಿ ಕಾರ್ಖಾನೆಯವರೇ ಕೆತ್ತಿದ ಕ್ರಮಸಂಖ್ಯೆಯಿದೆ. ಸಾಮಾನ್ಯ ಚಿಪ್‌ನಲ್ಲಿ ಅದನ್ನು ತಿದ್ದಲಾಗದು. ತಿದ್ದಬಹುದಾದ ವಿಶೇಷ ಚಿಪ್ ಬೇಕು. ಕ್ರಮಸಂಖ್ಯೆಯ ಉದ್ದವೂ ಹೊಂದಬೇಕು: ಕೆಲವು ಕಾರ್ಡುಗಳಿಗೆ 4 ಬೈಟ್, ಕೆಲವಕ್ಕೆ 7 ಬೈಟ್. ಏಳು ಸೇರಿನ ಧಾನ್ಯ ನಾಲ್ಕು ಸೇರಿನ ಅಳತೆಯಲ್ಲಿ ಹಿಡಿದೀತೇ? ಮೊಬೈಲಿನಿಂದ ಓದಿಸಲು ಜನಪ್ರಿಯವಾದ ಎನ್‌ಟ್ಯಾಗ್ 216 ಎಂಬ ಚಿಪ್‌ನಲ್ಲಿ ವಿಳಾಸ, ಸಂದೇಶಗಳನ್ನು ಬರೆಯಲು 888 ಬೈಟ್‌ಗಳ ಸ್ಥಳವಿದ್ದರೂ, ಅದರ 7 ಬೈಟ್‌ಗಳ ಕ್ರಮಸಂಖ್ಯೆ ಮಾತ್ರ ಶಾಶ್ವತ. ಕೈಯಲ್ಲಿ ಅದನ್ನಿಟ್ಟುಕೊಂಡವನು ಇನ್ನೊಂದು ಕಾರ್ಡಿನ ವೇಷವನ್ನು ಹಾಕಲಾರನು. ಹಾಗೂ ತಿದ್ದಬಹುದಾದ ಚಿಪ್‌ನ ಲಕ್ಷಣವನ್ನು ಪತ್ತೆಹಚ್ಚಿ ಬಾಗಿಲು ತೆರೆಯದಿರುವ ಯಂತ್ರಗಳೂ ಬಂದಿವೆ.

ಮೂರನೆಯ ಜಾತಿಯ ಮುಂದೆ ನಕಲಿನ ವಿದ್ಯೆ ಕೈಸೋತು ನಿಲ್ಲುತ್ತದೆ. ಡೆಸ್‌ಫೈರ್ ಮುಂತಾದ ಕಾರ್ಡುಗಳಲ್ಲಿ ಕೀಲಿಯು ಚಿಪ್‌ನಿಂದ ಹೊರಕ್ಕೆ ಬರುವುದೇ ಇಲ್ಲ. ಯಂತ್ರವು ಪ್ರತಿ ಸಲ ಹೊಸ ಸಂಖ್ಯೆಯೊಂದನ್ನು ಕೊಡುತ್ತದೆ. ಕಾರ್ಡು ಅದನ್ನು ತನ್ನ ಗುಟ್ಟಿನಿಂದ ಮಥಿಸಿ ಉತ್ತರಿಸುತ್ತದೆ. ನಿನ್ನೆಯ ಉತ್ತರವನ್ನು ಕದ್ದವನಿಗೆ ಇಂದು ಅದರಿಂದ ಪ್ರಯೋಜನವಿಲ್ಲ. ಬ್ಯಾಂಕಿನ ಟ್ಯಾಪ್ ಕಾರ್ಡುಗಳಲ್ಲಿಯೂ ಪ್ರತಿ ವ್ಯವಹಾರಕ್ಕೊಂದು ಹೊಸ ಸಂಕೇತ ಹುಟ್ಟುತ್ತದೆ. 2019ರ ಮಾರ್ಚಿನಲ್ಲಿ ದೇಶಕ್ಕೆ ಪರಿಚಯವಾಗಿ, 2023ರಲ್ಲಿ ನಮ್ಮ ಮೆಟ್ರೋಗೂ ಬಂದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡು ಈ ಬ್ಯಾಂಕು ಕಾರ್ಡುಗಳ ವಂಶದ್ದೇ. ರೂಪೇ ಗುರುತಿನ ಆ ಕಾರ್ಡನ್ನು ಅಂಗೈಯ ಚಿಪ್‌ಗೆ ಇಳಿಸಿಕೊಂಡು ಮೆಜೆಸ್ಟಿಕ್ಕಿನ ಬಾಗಿಲನ್ನು ದಾಟುತ್ತೇನೆಂದು ಹೊರಡುವ ತರುಣನು ಹಣವನ್ನೂ ರಕ್ತವನ್ನೂ ವ್ಯರ್ಥ ಮಾಡಿಕೊಂಡಾನು. ಯೂರೋಪಿನಲ್ಲಿ ಹಣ ಪಾವತಿಯ ಚಿಪ್‌ಗಳನ್ನು ಮಾರಿದ್ದುಂಟು. ಆದರೆ ಅವು ಗ್ರಾಹಕನ ಹಳೆಯ ಕಾರ್ಡಿನ ನಕಲುಗಳಲ್ಲ. ಪಾವತಿ ಸಂಸ್ಥೆಯೇ ಹೊಸದಾಗಿ ಹೊರಡಿಸಿದ ಬೇರೆ ಕಾರ್ಡುಗಳು.

ಇಷ್ಟರಿಂದ ಒಂದು ಸತ್ಯ ತಾನಾಗಿಯೇ ಹೊರಡುತ್ತದೆ. ಅದನ್ನು ನಮ್ಮ ವಾಚಕರು ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ನಕಲಾಗುವ ಕಾರ್ಡು ನಂಬಿಕೆಗೆ ಯೋಗ್ಯವಲ್ಲ. ನಂಬಿಕೆಗೆ ಯೋಗ್ಯವಾದ ಕಾರ್ಡು ನಕಲಾಗುವುದಿಲ್ಲ. ನಮ್ಮ ಕೈಯೊಳಕ್ಕೆ ಯಾವುದು ಸರಾಗವಾಗಿ ಇಳಿದುಬರುತ್ತದೆಯೋ ಅದು ಪರರ ಕೈಗೂ ಅಷ್ಟೇ ಸರಾಗವಾಗಿ ಇಳಿಯುತ್ತದೆ. ಇದನ್ನು ಯಂತ್ರದ ಕೊರತೆಯೆಂದು ದೂರುವುದು ತಪ್ಪು. ಬೀಗವು ಬೀಗವಾಗಿರುವುದೇ ಹೀಗೆ.

ಮೂರನೆಯದು, ದೇಹ

ಕಾರ್ಡಿನ ಅಗಲ 85.6 ಮಿಲಿಮೀಟರು, ಎತ್ತರ ಸುಮಾರು 54 ಮಿಲಿಮೀಟರು. ಅದರೊಳಗಿನ ಸುರುಳಿ ಹೆಚ್ಚುಕಡಿಮೆ ಅಷ್ಟೇ ವಿಶಾಲ. ದೇಹದ ಗುಳಿಗೆಯಾದರೋ ಸಾಮಾನ್ಯವಾಗಿ 2 ಮಿಲಿಮೀಟರು ದಪ್ಪ, 12 ಮಿಲಿಮೀಟರು ಉದ್ದ. ದೊಡ್ಡ ಮೊರದಲ್ಲಿ ಹಿಡಿಯುವ ಮಳೆನೀರು ಬೆರಳ ತೊಡಕಿನಲ್ಲಿ ಹಿಡಿದೀತೇ? ಯಂತ್ರದ ಕಾಂತಕ್ಷೇತ್ರದಿಂದ ಗುಳಿಗೆಗೆ ದೊರೆಯುವ ಶಕ್ತಿ ಬಹಳ ಕಡಿಮೆ. ಹೆಬ್ಬೆರಳು ತೋರುಬೆರಳುಗಳ ನಡುವಣ ಮೆತ್ತನೆಯ ಭಾಗದಲ್ಲಿ ಅದನ್ನು ಇರಿಸುವುದು ವಾಡಿಕೆ. ಬಾಗಿಲ ಯಂತ್ರಕ್ಕೆ ಆ ಭಾಗವನ್ನು ಒತ್ತಿ, ಒಂದು ನಿಶ್ಚಿತ ಕೋನದಲ್ಲಿ ತಿರುಗಿಸಿ ಹಿಡಿದರಷ್ಟೇ ಕೆಲವೆಡೆ ಅದು ಓದಿಸಿಕೊಳ್ಳುತ್ತದೆ. ಕೆಲವು ಯಂತ್ರಗಳಲ್ಲಿ ಸುರುಳಿ ಎಲ್ಲಿದೆಯೆಂಬುದೇ ಹೊರಗಿನಿಂದ ತಿಳಿಯದು. ಲೋಹದ ಚೌಕಟ್ಟಿದ್ದರೆ ಕಷ್ಟ ಇಮ್ಮಡಿ. ಬರೆದ ಸಂಖ್ಯೆ ಅಕ್ಷರಶಃ ಸರಿಯಾಗಿದ್ದರೂ ಬಾಗಿಲು ತೆರೆಯದಿರಬಹುದು. ಆದ್ದರಿಂದ ನಕಲು ಆಯಿತೆಂಬುದು ಬೇರೆ, ಕೆಲಸಕ್ಕೆ ಬಂದಿತೆಂಬುದು ಬೇರೆ. ಇದಲ್ಲದೆ, ಕಾರ್ಡಿಗೆ ಅವಧಿಯಿರುತ್ತದೆ. ಕಾರ್ಖಾನೆಯು ಬೀಗದ ಪದ್ಧತಿಯನ್ನು ಬದಲಾಯಿಸಿದರೆ ಮೇಜಿನ ಮೇಲೆ ಹೊಸ ಕಾರ್ಡು ಬಂದು ಬೀಳುತ್ತದೆ. ಕೈಯೊಳಗಿನ ಚಿಪ್‌ಗೆ ಮಾತ್ರ ಮತ್ತೊಮ್ಮೆ ಕತ್ತಿಯೇ ಗತಿ.

ನಾಲ್ಕನೆಯದು, ಯಜಮಾನಿಕೆ

ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆದ ಪ್ರಸಂಗವೊಂದು ಇಲ್ಲಿ ಉಲ್ಲೇಖಾರ್ಹವಾಗಿದೆ. ಮಿಯಾವ್-ಲೂಡೋ ಮಿಯಾವ್-ಮಿಯಾವ್ ಎಂಬ ವಿಚಿತ್ರ ನಾಮಧೇಯವನ್ನು ತಾನೇ ಇರಿಸಿಕೊಂಡ ಗೃಹಸ್ಥನೊಬ್ಬನು 2017ರಲ್ಲಿ ಅಲ್ಲಿನ ಓಪಲ್ ಎಂಬ ಸಾರಿಗೆ ಕಾರ್ಡನ್ನು ತನ್ನ ಕೈಯಲ್ಲಿ ಅಳವಡಿಸಿಕೊಂಡನು. ಓಪಲ್ ಡೆಸ್‌ಫೈರ್ ಜಾತಿಯದಾದುದರಿಂದ ನಕಲು ಸಾಧ್ಯವಿರಲಿಲ್ಲ. ಆದಕಾರಣ ನಿಜವಾದ ಕಾರ್ಡನ್ನೇ ಕತ್ತರಿಸಿ, ಅದರ ಚಿಪ್‌ಗೆ ಚಿಕ್ಕ ಸುರುಳಿ ಹೊಂದಿಸಿ, ಮೈಗೆ ಒಗ್ಗುವ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೈಯೊಳಗೆ ಇರಿಸಲಾಯಿತು. ಅದು ನಡೆಯಿತು, ಬಾಗಿಲು ತೆರೆಯಿತು, ಅವನು ಹಣವನ್ನೂ ನ್ಯಾಯವಾಗಿ ಸಲ್ಲಿಸುತ್ತಿದ್ದನು. ಆದರೂ ಕಾರ್ಡನ್ನು ಕೆಡಿಸುವುದು ನಿಯಮಬಾಹಿರವೆಂದು ಸಾರಿಗೆ ಅಧಿಕಾರಿಗಳು ಅದನ್ನು ರದ್ದು ಮಾಡಿದರು. 2018ರ ಮಾರ್ಚಿನಲ್ಲಿ ಅವನಿಗೆ 220 ಡಾಲರು ದಂಡವೂ 1000 ಡಾಲರು ವ್ಯಾಜ್ಯದ ಖರ್ಚೂ ವಿಧಿಸಲ್ಪಟ್ಟವು. ಜೂನಿನಲ್ಲಿ ಮೇಲ್ಮನವಿಯಲ್ಲಿ ಅಪರಾಧದ ನಿರ್ಣಯ ರದ್ದಾಯಿತು; ಖರ್ಚು ಮಾತ್ರ ತಪ್ಪಲಿಲ್ಲ.

ಈ ಕಥೆಯನ್ನು ಓದಿ ನಕ್ಕು ಮುಗಿಸಬಾರದು. ಕೈ ಅವನದು, ಮಾಂಸ ಅವನದು, ಕೊಟ್ಟ ಹಣ ಅವನದು. ಆದರೆ ಒಂದು ಗುಂಡಿಯನ್ನೊತ್ತಿ ಆ ಚಿಪ್ಪನ್ನು ಜಡಮಾಡುವ ಅಧಿಕಾರ ಮಾತ್ರ ಬೇರೊಂದು ಕಚೇರಿಯದು. ಕಾರ್ಡು ನಮ್ಮ ಬಳಿಯಿದ್ದರೂ ಅದರ ಯಜಮಾನಿಕೆ ಹೊರಡಿಸಿದವರದೇ. ಅದನ್ನು ಕೊರಳಲ್ಲಿ ತೂಗುಹಾಕಿಕೊಂಡಾಗ ಈ ಸಂಬಂಧ ನಮಗೆ ನೆನಪಿರುತ್ತದೆ. ಚರ್ಮದಡಿಗೆ ಸೇರಿಸಿಕೊಂಡಾಗ ಮರೆತುಹೋಗುತ್ತದೆ. ಹೀಗಿರಲು, ಈ ವಿದ್ಯೆಯಲ್ಲಿ ಆಸಕ್ತಿಯುಳ್ಳವರಿಗೆ ನೇರವಾದ ದಾರಿಯೊಂದೇ: ಕಾರ್ಡಿನ ನಕಲಿಗೆ ಹೋಗದೆ, ಚಿಪ್‌ಗಿರುವ ಸ್ವಂತ ಸಂಖ್ಯೆಯನ್ನು ಬಾಗಿಲ ಯಜಮಾನರ ಒಪ್ಪಿಗೆಯಿಂದ ಅವರ ಪುಸ್ತಕದಲ್ಲಿ ಬರೆಸುವುದು. 2017ರಲ್ಲಿ ಸ್ವೀಡನ್ನಿನ ಎಸ್‌ಜೆ ರೈಲ್ವೆಯು ಹೀಗೆಯೇ ಮಾಡಿತು. ಕೈಯಲ್ಲಿ ಚಿಪ್ ಇದ್ದ ಪ್ರಯಾಣಿಕನ ಸದಸ್ಯಸಂಖ್ಯೆಯನ್ನು ಟಿಕೇಟು ಪರೀಕ್ಷಕನು ಫೋನಿನಲ್ಲಿ ಓದಿಕೊಳ್ಳುತ್ತಿದ್ದನು. ಅಲ್ಲಿ ನಕಲೂ ಇಲ್ಲ, ಕಳವೂ ಇಲ್ಲ; ಇದ್ದುದು ಉಭಯಸಮ್ಮತವಾದ ಒಪ್ಪಂದ.

ಬೆರಳಿನಿಂದ ಕಲಿಯಬೇಕಾದ ಪಾಠ

ದೂರದೇಶದ ಕಥೆ ಸಾಕು, ನಮ್ಮ ನಾಡಿನದೇ ಪಾಠವೊಂದುಂಟು. ಆಸ್ತಿ ನೋಂದಣಿಯ ಪತ್ರಗಳ ಮೇಲೆ ಒತ್ತಿದ ಬೆರಳಚ್ಚುಗಳನ್ನು ತೆಗೆದು, ಅವುಗಳ ಕೃತಕ ಪಡಿಯಚ್ಚನ್ನು ಮಾಡಿ, ಆಧಾರ್ ಮೂಲಕ ಹಣ ಪಾವತಿಸುವ ವ್ಯವಸ್ಥೆಯಿಂದ ಖಾತೆಗಳನ್ನು ಬರಿದು ಮಾಡಿದ ದೂರುಗಳು 2023ರಲ್ಲಿ ಕರ್ನಾಟಕದಲ್ಲಿ ದಾಖಲಾದವು. ಕಾರ್ಡನ್ನು ದೇಹಕ್ಕೆ ಇಳಿಸುವ ಮಾತನ್ನು ನಾವು ಆಡುತ್ತಿರುವಾಗ ವಂಚಕರು ದೇಹವನ್ನೇ ಅಚ್ಚಿಗೆ ಇಳಿಸಿದರು! ಬೆರಳು ಇಎಂ4100 ಕಾರ್ಡಿನಂತೆಯೇ. ಅದು ಮುಟ್ಟಿದ ಲೋಟದ ಮೇಲೆಲ್ಲ ತನ್ನ ಹೆಸರನ್ನು ಬರೆದುಹೋಗುತ್ತದೆ. ಲೆಕ್ಕ ಬಿಡಿಸಲು ಅದಕ್ಕೆ ಬಾರದು. ಕಾರ್ಡು ಕಳೆದರೆ ಹೊಸ ಕಾರ್ಡು. ಬೆರಳಚ್ಚು ಕಳುವಾದರೆ ಹೊಸ ಬೆರಳು ಎಲ್ಲಿಂದ ಬಂದೀತು? ಬೆರಳಚ್ಚಿನ ಬಳಕೆಗೆ ಬೀಗ ಹಾಕಿಡುವ ಅನುಕೂಲವನ್ನು ಆಧಾರ್ ಪ್ರಾಧಿಕಾರ ಒದಗಿಸಿದೆ. ಬಳಸದ ದಿನಗಳಲ್ಲಿ ಅದನ್ನು ಹಾಕಿಡುವುದು ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಈ ಪಾಠದ ಸಾರವಿಷ್ಟೇ: ಕಳಚಿಡಬಹುದಾದ ಬೀಗದಕೈ ಕಳಚಲಾಗದ ಬೀಗದಕೈಗಿಂತ ಮೇಲು. ಸಂಜೆ ಮನೆಗೆ ಬಂದೊಡನೆ ಕೊರಳ ಕಾರ್ಡನ್ನು ಮೊಳೆಗೆ ತಗುಲಿಹಾಕುವ ಮಗನು ತಾನು ಇನ್ನು ಕಾರ್ಖಾನೆಯವನಲ್ಲ, ಮನೆಯವನು ಎಂದು ಸಾರಿದಂತೆ. ಆ ಮೊಳೆಯಲ್ಲಿಯೂ ಒಂದಿಷ್ಟು ಸ್ವಾತಂತ್ರ್ಯವಿದೆ.

ಒಪ್ಪಿಗೆಯ ಪ್ರಶ್ನೆ

ಮೈಮೇಲಿನ ಗುರುತಿನ ವಿಷಯದಲ್ಲಿ ಭಾರತೀಯರು ಹಿಂದೆಯೇ ಒಂದು ದೊಡ್ಡ ಹೋರಾಟವನ್ನು ಮಾಡಿದ್ದಾರೆ. 1906ರಲ್ಲಿ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನ ಸರ್ಕಾರವು ಅಲ್ಲಿನ ಭಾರತೀಯರೆಲ್ಲರೂ ಬೆರಳಚ್ಚು ಕೊಟ್ಟು ನೋಂದಣಿಯ ಪತ್ರವನ್ನು ಪಡೆದು, ಕೇಳಿದಲ್ಲಿ ತೋರಿಸತಕ್ಕದ್ದೆಂದು ಶಾಸನ ಮಾಡಹೊರಟಿತು. ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನಲ್ಲಿ ಸೇರಿದ ಸಭೆ ಅದಕ್ಕೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿತು. ಸತ್ಯಾಗ್ರಹದ ಬೀಜ ಅಲ್ಲಿ ಬಿದ್ದಿತು. 1908ರ ಆರಂಭದಲ್ಲಿ ರಾಜಿಯ ಮಾತಾದಾಗ ಗಾಂಧೀಜಿಯವರು ಸ್ವಸಂತೋಷದಿಂದ ಬೆರಳಚ್ಚು ಕೊಡಲು ಮುಂದಾದರು. ಅದಕ್ಕಾಗಿ ತಮ್ಮವರಿಂದಲೇ ಪೆಟ್ಟು ತಿಂದರು. ಸರ್ಕಾರ ಮಾತಿಗೆ ತಪ್ಪಿತೆಂದು ಕಂಡಾಗ, ಅದೇ ವರ್ಷದ ಆಗಸ್ಟ್ 16ರಂದು ಎರಡು ಸಾವಿರಕ್ಕೂ ಮೇಲ್ಪಟ್ಟ ಪತ್ರಗಳು ಅಗ್ನಿಗೆ ಆಹುತಿಯಾದವು. ಅವರ ವಿರೋಧವಿದ್ದುದು ಬೆರಳಚ್ಚಿನ ಮೇಲಲ್ಲ, ಬಲಾತ್ಕಾರದ ಮೇಲೆ ಎಂಬುದನ್ನು ನಾವು ಮರೆಯಕೂಡದು. ಇನ್ನೊಂದು ಸಂಗತಿ: ಅಂದಿನ ಗುರುತಿನ ಪತ್ರವನ್ನು ಸುಡಲು ಸಾಧ್ಯವಾಯಿತು, ಏಕೆಂದರೆ ಅದು ಕಾಗದದ್ದು. ಚರ್ಮದಡಿಯ ಪತ್ರವನ್ನು ಸುಡುವ ಬಗೆ ಹೇಗೆ?

ನಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ಎತ್ತಿದವರಲ್ಲಿ ಕನ್ನಡ ನಾಡಿನವರೇ ಅಗ್ರಗಣ್ಯರೆಂಬುದು ಹೆಮ್ಮೆಯ ವಿಷಯ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ಹತ್ತೊಂಬತ್ತು ವರ್ಷಗಳ ಹಿಂದೆ, 1998ರಲ್ಲಿ, ಅದೇ ಆಗಸ್ಟ್ 24ರಂದು ಇಂಗ್ಲೆಂಡಿನ ಪ್ರೊಫೆಸರ್ ಕೆವಿನ್ ವಾರ್ವಿಕ್ ಎಂಬವರು ತಮ್ಮ ತೋಳಿನಲ್ಲಿ ಚಿಪ್ ಇರಿಸಿಕೊಂಡು ಬಾಗಿಲುಗಳನ್ನು ತೆರೆಯಿಸಿದ್ದರು. ಆ ದಿನ ಯಂತ್ರವು ದೇಹದ ಬಾಗಿಲನ್ನು ತಟ್ಟಿತು. ಈ ದಿನ ನ್ಯಾಯವು ಆ ಬಾಗಿಲಿಗೆ ಅಗುಳಿಯನ್ನು ಕೊಟ್ಟಿತು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನವು ಯಾರಿಗೂ ಬಲಾತ್ಕಾರದಿಂದ ಚಿಪ್ ಅಳವಡಿಸಕೂಡದೆಂದು 2006ರಲ್ಲಿಯೇ ಶಾಸನ ಮಾಡಿತು. 2017ರಲ್ಲಿ ಅದೇ ಸಂಸ್ಥಾನದ ಒಂದು ಕಂಪನಿಯ ನೌಕರರಲ್ಲಿ ಅನೇಕರು ಸ್ವೇಚ್ಛೆಯಿಂದ ಚಿಪ್ ಹಾಕಿಸಿಕೊಂಡಾಗ, ಬೇಡವೆಂದವರಿಗೆ ಬೇಡವೆನ್ನುವ ಹಕ್ಕಿಗೆ ಶಾಸನದ ಆಶ್ರಯವಿತ್ತು. ಅನ್ನ ಕೊಡುವ ಧಣಿ ಕೇಳಿದಾಗ ಒಲ್ಲೆನೆಂದು ಹೇಳುವುದು ಬಡವನಿಗೆ ಎಷ್ಟು ಕಷ್ಟವೆಂಬುದನ್ನು ಬಲ್ಲವರು ಇಂಥ ಆಶ್ರಯದ ಬೆಲೆಯನ್ನು ಅರಿಯುವರು.

ಆದಕಾರಣ ಉತ್ಸಾಹಿಗಳಾದ ತರುಣರಿಗೆ ನಮ್ಮ ಹಿತವಚನವಿದು. ಕುಯ್ಯಿಸಿಕೊಳ್ಳುವ ಮುನ್ನ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ನಿಮ್ಮ ಕಾರ್ಡು ಯಾವ ಕಂಪನದ್ದು? ಅದು ಹೆಸರನ್ನಷ್ಟೇ ಹೇಳುವ ಜಾತಿಯದೋ, ಲೆಕ್ಕ ಬಿಡಿಸುವ ಜಾತಿಯದೋ? ಅದರ ಕ್ರಮಸಂಖ್ಯೆಯ ಉದ್ದ ಚಿಪ್‌ಗೆ ಹೊಂದುತ್ತದೆಯೇ? ನೀವು ನಿತ್ಯ ದಾಟುವ ಬಾಗಿಲ ಯಂತ್ರವು ಅಷ್ಟು ಚಿಕ್ಕ ಗುಳಿಗೆಯನ್ನು ಓದಬಲ್ಲುದೇ? ಆ ಬಾಗಿಲ ಯಜಮಾನರು ಒಪ್ಪಿದ್ದಾರೆಯೇ? ಮೊದಲ ನಾಲ್ಕನ್ನು, ಗುಳಿಗೆಯನ್ನು ಚರ್ಮದ ಹೊರಗೆ ಬೆರಳಲ್ಲಿ ಹಿಡಿದುಕೊಂಡೇ ಪರೀಕ್ಷಿಸಬಹುದು. ಹೊರಗೆ ನಡೆಯದುದು ಒಳಗೆ ನಡೆಯಲಾರದು. ಐದನೆಯದಕ್ಕೆ ಉತ್ತರ ಲಿಖಿತವಾಗಿರಲಿ.

ಕೊನೆಯದಾಗಿ ಮತ್ತೆ ಉಡಿಗಾಲದ ಕೊಟ್ಟಿಗೆಗೆ ಬರೋಣ. ಹಸುವಿನ ಕಿವಿಗೆ ಓಲೆಯನ್ನು ಚುಚ್ಚುವಾಗ ಯಾರೂ ಹಸುವನ್ನು ಕೇಳಲಿಲ್ಲ. ಅದರ ಲಸಿಕೆಯ ಲೆಕ್ಕಕ್ಕಾಗಿ, ಅದರ ಹಿತಕ್ಕಾಗಿಯೇ ಆ ಕೆಲಸ ನಡೆಯಿತು. ಪಶುವಿಗೆ ಅಷ್ಟು ಸಾಕು. ಮನುಷ್ಯನಿಗೆ ಹಿತವೊಂದೇ ಸಾಲದು; ಅವನನ್ನು ಕೇಳಬೇಕು, ಅವನಿಗೆ ತಿಳಿಯುವಂತೆ ಹೇಳಬೇಕು, ಬೇಡವೆಂದರೆ ಬಿಡಬೇಕು. ಬೀಗದಕೈ ಅಂಗೈಯ ಮೇಲಿರಲಿ, ಅಂಗೈಯ ಒಳಗಿರಲಿ. ಅಂಗೈ ಮಾತ್ರ ನಮ್ಮದಾಗಿಯೇ ಉಳಿಯಬೇಕು. ಅಷ್ಟನ್ನು ಕಾಪಾಡಿಕೊಂಡವರಿಗೆ ಯಾವ ಯಂತ್ರದ ಭಯವೂ ಇಲ್ಲ.